ಗೊರಗೊರವಿಲ್ಲದ ದನಿ

ಡೊಂಬಿವ್ಲಿಯ ಮನೆಯಲ್ಲಿ ಹೊರಗಿನ ಸದ್ದು ಬಾರದಿರಲೆಂದು ಸೀರೆಯ ಕಪಾಟಿನೊಳಗೆ ತಲೆ ತೂರಿಸಿ ನಾನು ಕನ್ನಡ ಜಾಹೀರಾತುಗಳಿಗೆ ದನಿ ಕೊಡುತ್ತಿದ್ದೆ. ಮೈಕಿನ ಸಣ್ಣ ದನಿಯನ್ನು ಏರಿಸಿಕೊಡುವ ನನ್ನ ಅಗ್ಗದ ಪ್ರೀಆಂಪ್ ಅದರ ಜೊತೆ ತನ್ನ ಗೊರಗೊರವನ್ನೂ ಸೇರಿಸುತ್ತಿತ್ತು. ಹಟಕ್ಕೆ ಬಿದ್ದು ದುಬಾರಿಯದನ್ನೇ ಕೊಂಡೆ. ಗೊರಗೊರ ಅಡಗಿತು.

ನನಗೆ ಕೆಲಸ ಕೊಡುತ್ತಿದ್ದ ಥಾಣೆ ನಗರದ ಸ್ಟುಡಿಯೋದವನು ಹಿಗ್ಗಿದ. "ಆವಾಜ್ ಭಾಳ ಕ್ಲೀನ್ ಐತ್ರಿ ಮೇಡಮ್. ಇನ್ನೊಂದ್ ಸಾವಿರ ವಾಕ್ಯ ಓದಿ ಕಳಸ್ರಿ."

ಯಾತಕ್ಕೆಂದು ಕೇಳುವ ಬುದ್ಧಿ ನನಗಿರಲಿಲ್ಲ. ಓದಿ ಕಳಿಸಿದೆ. ಆಮೇಲೆ ಅವನು ಕೆಲಸ ಕೊಡಲೇ ಇಲ್ಲ.

ಕಳೆದ ವಾರ ಬ್ಯಾಂಕಿಗೆ ಫೋನ್ ಮಾಡಿ ಕನ್ನಡ ಆರಿಸಿದೆ. ನಾನೆಂದೂ ಓದದ ಮಾತುಗಳನ್ನು ಯಂತ್ರವೊಂದು ನನ್ನದೇ ದನಿಯಲ್ಲಿ ಹೇಳಿತು.

ಒಳ್ಳೆಯ ಪ್ರೀಆಂಪ್‌ನಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂದು ಹೊಸಬರು ಕೇಳುತ್ತಾರೆ. ಆಗುತ್ತದೆ. ಹಳೆಯದೇ ಇದ್ದಿದ್ದರೆ ನನ್ನ ದನಿ ಕದಿಯಲು ಯೋಗ್ಯವಾಗಿರುತ್ತಿರಲಿಲ್ಲ.