ಬೈಂಡರನ ದಾರ

ನಮ್ಮ ಬೀದಿಯ ಪುಸ್ತಕ ಬೈಂಡರ್ ಮಹಾ ಹಟಮಾರಿ, ಯಾರಿಗಾಗಿಯೂ ನಿಲ್ಲುವವನಲ್ಲ. ಅರವತ್ತೆರಡರ ವಯಸ್ಸಿನಲ್ಲೂ ಪ್ರತಿ ಸಂಜೆ ಬಡಾವಣೆಯನ್ನು ಹತ್ತು ಸುತ್ತು ಓಡುತ್ತಾನೆ. ನೆಟ್ಟಗಿನ ಆ ಬೆನ್ನನ್ನು ಕಂಡರೆ ಅರ್ಧ ವಯಸ್ಸಿನವರು ನಾಚಬೇಕು. ಓಡಿದ ದಿನಕ್ಕೊಂದು ಗಂಟಿನಂತೆ ಪುಸ್ತಕ ಹೊಲಿಯುವ ದಾರಕ್ಕೆ ಹಾಕಿ, ಅದನ್ನು ಬಾಗಿಲ ಹಿಂದೆ ತೂಗುಹಾಕುತ್ತಾನೆ. ನಡುವೆ ನಿಂತರೆ ಆ ಓಟ ಲೆಕ್ಕಕ್ಕಿಲ್ಲ; ಒಂದು ದಿನ ತಪ್ಪಿದರೆ ಹೊಸ ದಾರ. ಕಾನೂನು ಅವನದೇ.

ಆ ಸಂಜೆ ಇನ್ನೊಂದು ಗಂಟು ಬಿದ್ದರೆ ವರ್ಷ ತುಂಬುತ್ತಿತ್ತು. ಆಕಾಶ ಕಪ್ಪಿಟ್ಟಿತ್ತು.

"ಮೋಡ ಕಾಣಿಸ್ತಿಲ್ವಾ? ಜಾರಿ ಬಿದ್ರೆ ನಿಮ್ಮನ್ನ ಹೊಲಿದು ಅಂಟು ಹಾಕೋಳು ನಾನೇ!" ಎಂದಳು ಹೆಂಡತಿ.

"ಮಳೆ ಕೆಲಸ ಮಳೆಗೆ, ನನ್ನ ಕೆಲಸ ನಂಗೆ," ಎಂದು ಹೊರಟೇಬಿಟ್ಟ.

ಒಂಬತ್ತನೇ ಸುತ್ತಿನಲ್ಲಿ ದಪ್ಪ ಹನಿ ಶುರುವಾಯಿತು. ಬೀದಿಯಲ್ಲಿ ಇನ್ನೊಬ್ಬ ಬೈಂಡರ್ ಇದ್ದಾನೆ. ಇವನ ಗಿರಾಕಿಗಳನ್ನು ಸೆಳೆದುಕೊಂಡವನು. ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ. ಅವನು ನನ್ನ ಮನೆಯ ಎದುರಿನ ತನ್ನ ಅಂಗಡಿಯ ಹೊರಗೆ, ಅಂಟು ಒಣಗಲೆಂದು ನಲವತ್ತು ಪುಸ್ತಕಗಳನ್ನು ಹಲಗೆಯ ಮೇಲೆ ಹರಡಿ ಎಲ್ಲಿಗೋ ಹೋಗಿದ್ದ. ನಮ್ಮವನು ಅವುಗಳನ್ನು ದಾಟಿ ಓಡಿದ್ದನ್ನು ಕಿಟಕಿಯಿಂದ ಕಂಡೆ. ಹತ್ತು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟ. ಹಿಂದಿರುಗಿ ಬಂದು, ಹಸಿ ಅಂಟು ಜರುಗದಂತೆ ಎರಡೆರಡೇ ಪುಸ್ತಕ ಎತ್ತಿ, ಎಲ್ಲವನ್ನೂ ಸೂರಿನಡಿ ಸಾಲಾಗಿಟ್ಟ.

ಮರುದಿನ ರಾತ್ರಿ, ಬೈಂಡಿಂಗ್‌ಗೆ ಕೊಟ್ಟಿದ್ದ ನನ್ನ ನಿಘಂಟನ್ನು ತರಲು ಅವನ ಮನೆಗೆ ಹೋದೆ.

"ನಿಂತಿದ್ದನ್ನ ಯಾರು ನೋಡಿದ್ರು, ಹಳೇ ದಾರಕ್ಕೇ ಗಂಟು ಹಾಕ್ರೀ ಅಂದೆ. ಕೇಳಿದ್ರೆ ತಾನೇ?" ಎಂದು ಹೆಂಡತಿ ಗೊಣಗಿದಳು.

ಬಾಗಿಲ ಹಿಂದೆ ಹೊಸ ದಾರ ತೂಗುತ್ತಿತ್ತು. ಅದರಲ್ಲಿ ಒಂದೇ ಗಂಟಿತ್ತು.