ಶನಿಗೆ ಬೆನ್ನು ಮಾಡಿ ಕೂತ ಅಕ್ಕ

ಮೊನ್ನೆ ಚಳಿಗೆಂದು ಕಂಬಳಿ ಹುಡುಕುತ್ತ ಟ್ರಂಕಿನ ತಳಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಕ್ಯಾಮೆರಾ. ಕ್ಯಾಮೆರಾ ಅಂದಕೂಡಲೇ ಕೊರಳಿಗೆ ಹಾಕುವ ಪಟ್ಟಿ, ಉದ್ದನೆಯ ಮೂತಿ ನಿಮ್ಮ ಕಣ್ಣಮುಂದೆ ಬಂದಿದ್ದರೆ ನಿರಾಸೆಯಾದೀತು. ಇದು ಅಂಗೈಯಲ್ಲಿ ಅಡಗುವ ಕೆಂಪು ಡಬ್ಬಿ. ಮುಂದೆ ಕಡಲೆಕಾಳಿನಷ್ಟು ಕಣ್ಣು, ಹಿಂದೆ ಒಂದು ವೈರು. ಒತ್ತಲು ಗುಂಡಿಯೂ ಇಲ್ಲ. ಇದನ್ನು ಆರಿಸಲು ನಾನು ಪಟ್ಟ ಪಾಡು ಕೇಳಿದರೆ ನಗುತ್ತೀರಿ, ನಗಿ, ಅಡ್ಡಿಯಿಲ್ಲ.

ನಾನಾಗ ಸುರಪುರದಿಂದ ದಿನಾ ಬಸ್ಸು ಹತ್ತಿ ಶಹಾಪುರದ ಕಡೆಯ ಕಾಲುವೆ ಕಚೇರಿಗೆ ಹೋಗಿಬರುವ ನಕ್ಷೆ ಬರೆಯುವ ನೌಕರ. ದುರ್ಬೀನಿನ ಹುಚ್ಚು ಹಿಡಿಸಿದ್ದೂ ಆ ಕಚೇರಿಯೇ. ಕಾಲುವೆಯ ಮಟ್ಟ ಅಳೆಯುವ ಹಳೆಯ ದುರ್ಬೀನಿನಲ್ಲಿ ಎದುರು ನಿಂತವರೆಲ್ಲ ತಲೆಕೆಳಗಾಗಿ ಕಾಣುತ್ತಿದ್ದರು. ನಮ್ಮ ಮೇಲಧಿಕಾರಿಯನ್ನು ಒಮ್ಮೆ ಹಾಗೆ ನೋಡಿದ ಮೇಲಂತೂ ನನಗೆ ಗಾಜಿನ ಮೇಲೆ ಬಹಳ ಪ್ರೀತಿ ಬಂದುಬಿಟ್ಟಿತು. ಮುಂದೆ ನನ್ನದೇ ಒಂದು ದುರ್ಬೀನು ಬಂತು. ಅದರಲ್ಲಿ ಚಂದ್ರ ಬಂದ, ಗುರು ಬಂದ. ಒಂದು ಬೇಸಿಗೆಯ ಸಂಜೆ ಶನಿಯೂ ಬಂದ. ಕಂಡ ಖುಷಿಗೆ, “ಅಕ್ಕಾ, ಬಾ ಇಲ್ಲಿ, ಶನಿ ಕಾಣಾಕತ್ತಾನ!” ಎಂದು ಕೂಗಿಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ನಮ್ಮ ನೀಲಕ್ಕನನ್ನು ಬೋನಾಳ ಎಂಬ ಊರಿಗೆ ಕೊಟ್ಟಿತ್ತು. ಮದುವೆಯಾದ ಎರಡನೆಯ ವರ್ಷ ಭಾವ ಜ್ವರ ಬಂದು ತೀರಿಹೋದರು. “ಇಕಿ ಹೆಗಲ ಮ್ಯಾಲಿನ ಶನಿ ನನ್ನ ಮಗನ್ನ ನುಂಗ್ತು” ಎಂದು ಅವಳ ಅತ್ತೆ ಹೆಣದ ಮುಂದೆಯೇ ಅಂದರು. ಅತ್ತೆ ಅಂದದ್ದಕ್ಕಿಂತ ಅಕ್ಕ ಅದನ್ನು ನಂಬಿದ್ದು ನನಗೆ ಹೆಚ್ಚಿನ ನೋವು. ನಮ್ಮ ಮನೆಗೆ ಬಂದಮೇಲೆ ಪ್ರತಿ ಶನಿವಾರ ಬಟ್ಟಲೆಣ್ಣೆಯಲ್ಲಿ ತನ್ನ ಮುಖ ನೋಡಿಕೊಂಡು ಆ ಎಣ್ಣೆಯನ್ನು ದಾನ ಕೊಡುತ್ತಿದ್ದಳು. ನನ್ನ ಮಗಳು ಹುಟ್ಟಿದಾಗ ಬಾಣಂತನವೆಲ್ಲ ಅವಳದೇ. ನೀರು ಕಾಸಿದಳು, ಲೋಬಾನದ ಹೊಗೆ ಹಾಕಿದಳು. ಕೂಸನ್ನು ಮಾತ್ರ ಎತ್ತಿಕೊಳ್ಳಲಿಲ್ಲ. “ನನ್ನ ಕೈ ಬ್ಯಾಡಪ್ಪಾ” ಎನ್ನುತ್ತಿದ್ದಳು. ಅವಳನ್ನು ಇಷ್ಟು ವರ್ಷ ಹೆದರಿಸಿದವನು ಹೇಗಿದ್ದಾನೆಂದು ಒಮ್ಮೆ ಅವಳಿಗೆ ತೋರಿಸಲೇಬೇಕು ಅನ್ನಿಸಿತು.

ಆ ಸಂಜೆ ನನ್ನ ಕೂಗು ಕೇಳಿ ಬಂದ ಅಕ್ಕ ಮಾಳಿಗೆಯ ಮೆಟ್ಟಿಲ ಮೇಲೆಯೇ ನಿಂತಳು. “ಎದರಾಎದರ ನೋಡಬಾರ್ದೋ ಅಂವನ್ನ. ಗುಡಿಯಾಗೂ ಮಗ್ಗಲಕ್ಕ ನಿಂತು ಕೈ ಮುಗಿತಾರ. ನೀ ನೋಡಿದ್ರ ಕಣ್ಣಾಗ ಕಣ್ಣಿಡು ಅಂತಿ!”

“ಟೀವಿಯಾಗ ತೋರ್ಸಿದ್ರ ನೋಡ್ತೀಯೇನು?”

ಅವಳು ಸೆರಗು ಸರಿಮಾಡಿಕೊಂಡಳು. “ಟೀವಿಯಾಗ ಆದ್ರ ಅಂವನ ಕಣ್ಣು ನನ್ನ ಮ್ಯಾಲ ಬೀಳಂಗಿಲ್ಲ. ನೋಡ್ತೀನಿ ತಗೋ.”

ನನ್ನ ಕ್ಯಾಮೆರಾ ಬೇಟೆ ಶುರುವಾದದ್ದು ಹೀಗೆ. ಶಹಾಪುರದಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯ ಚಂದ್ರಣ್ಣ, “ದೊಡ್ಡದ ತಗೋರಿ ಸಾಹೇಬ್ರ. ಮಂಟಪದಾಗ ಮಂದಿ ನನ್ನ ನೋಡಿ ನಗಂಗಿಲ್ಲ, ಕ್ಯಾಮೆರಾ ನೋಡಿ ನಗ್ತಾರ” ಎಂದು ತನ್ನದನ್ನೇ ಕೊಟ್ಟು ಕಳಿಸಿದ. ದುರ್ಬೀನಿನ ಹಿಂತುದಿಗೆ ಸಿಕ್ಕಿಸಿದರೆ ಅದರ ಭಾರಕ್ಕೆ ದುರ್ಬೀನು ಮೂತಿ ಮೇಲೆತ್ತಿ ಕೂತಿತು. ಗುಂಡಿ ಒತ್ತಿದರೆ ಕೊಳವೆಯೆಲ್ಲ ಅದುರುತ್ತಿತ್ತು. ಚಿತ್ರದಲ್ಲಿ ಶನಿ ಎಳ್ಳುಕಾಳಿನಷ್ಟು. ಹೋಗಲಿ ಎಂದರೆ, ಮಾಳಿಗೆಗೆ ಹಾಸಿದ ಫರಸಿ ಕಲ್ಲು ಹಗಲೆಲ್ಲ ಕಾದು ಗಾಳಿಯನ್ನು ಕುದಿಸುತ್ತಿತ್ತು. ಮಲಗುವ ಮುಂಚೆ ಮಾಳಿಗೆ ತಣ್ಣಗಾಗಲೆಂದು ನಮ್ಮ ಕಡೆ ನೀರು ಹೊಡೆಯುತ್ತಾರಲ್ಲ, ನಾನೂ ಕೊಡಗಟ್ಟಲೆ ಸುರಿದೆ. ಹಬೆ ಎದ್ದು ಶನಿ ಕುಣಿಯತೊಡಗಿದ. ನನ್ನ ಜಾಣತನಕ್ಕೆ ಹೆಂಡತಿ ನಕ್ಕಷ್ಟು ಯಾವ ಮಂಟಪದಲ್ಲೂ ಯಾರೂ ನಕ್ಕಿರಲಾರರು.

ನಿಧಾನವಾಗಿ ತಿಳಿದದ್ದು ಇಷ್ಟು: ಗ್ರಹಕ್ಕೆ ದೊಡ್ಡ ಕ್ಯಾಮೆರಾ ಬೇಡ, ಚುರುಕಾದದ್ದು ಬೇಕು. ಗಾಳಿ ಸದಾ ನಡುಗುತ್ತಿರುತ್ತದೆ. ಹಾಗಾಗಿ ಒಂದು ಫೋಟೋ ನಂಬದೆ ವಿಡಿಯೋ ತೆಗೆದು, ಅದರ ಸಾವಿರಾರು ಚಿತ್ರಗಳಲ್ಲಿ ನಡುಗದ್ದನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂಡಿಸಬೇಕು. ಬಲ್ಲವರೆಲ್ಲ ಕಪ್ಪು-ಬಿಳುಪಿನದನ್ನೇ ತಗೋ, ಬಣ್ಣದ ಗಾಜು ಒಂದೊಂದೇ ಹಾಕಿ ಆಮೇಲೆ ಬಣ್ಣ ಕೂಡಿಸು, ಚಿತ್ರ ಸ್ಫುಟವಾಗುತ್ತದೆ ಎಂದರು. ಅವರ ಮಾತು ಸರಿಯೇ. ಆದರೆ ಅಕ್ಕ ಪರದೆಯ ಮುಂದೆ ಕೂತಾಗ ಶನಿ ಆ ಕ್ಷಣವೇ, ತನ್ನ ಬಣ್ಣದಲ್ಲೇ ಕಾಣಬೇಕಿತ್ತು. ಆಮೇಲೆ ತಯಾರಿಸಿ ಕೊಟ್ಟರೆ ಕ್ಯಾಲೆಂಡರಿನ ಚಿತ್ರವೆಂದು ಅವಳು ಎದ್ದುಹೋಗುತ್ತಿದ್ದಳು. ಬಣ್ಣದ್ದನ್ನೇ, ಅಂದರೆ ಈ ಕೆಂಪು ಡಬ್ಬಿಯನ್ನು, ತರಿಸಿದೆ.

ಅದು ಬರುವಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟು, ಹಿತ್ತಲಿನಾಚೆ ಭತ್ತ ನಾಟಿಯಾಗಿತ್ತು. ನೀರು ನಿಂತ ನೆಲದ ಮೇಲೆ ಗಾಳಿ ಅಷ್ಟಾಗಿ ಕುದಿಯದು. ಮೋಡವಿಲ್ಲದ ಒಂದು ಮುಚ್ಚಂಜೆ ದುರ್ಬೀನನ್ನು ಹಿತ್ತಲಿಗೆ ಇಳಿಸಿ, ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅಕ್ಕ ತಲೆತುಂಬ ಸೆರಗು ಹೊದ್ದು, ಶನಿ ಇದ್ದ ದಿಕ್ಕಿಗೆ ಬೆನ್ನು ಮಾಡಿ ಕೂತಳು. ಪರದೆಯ ಮೇಲೆ ತುಪ್ಪದ ಬಣ್ಣದ ಪುಟ್ಟ ಗುಂಡು, ಸುತ್ತ ಉಂಗುರ, ಮೆಲ್ಲಗೆ ನಡುಗುತ್ತಿತ್ತು.

ಅಕ್ಕ ಮುಂದಕ್ಕೆ ಬಗ್ಗಿ ಆ ಉಂಗುರವನ್ನೇ ದಿಟ್ಟಿಸಿದಳು. ಆಮೇಲೆ, “ನನ್ನ ಕೈಯಾಗಿನ ಬಳಿ ಒಡಿಸಿ ತಾ ನೋಡಿದ್ರ ಬಳಿ ಇಟ್ಕೊಂಡಾನಲ್ಲೋ” ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಎಷ್ಟು ದೂರ ಇದ್ದಾನ?”

“ಭಾಳ ದೂರ ಅಕ್ಕಾ. ಅಲ್ಲಿಂದ ಬೆಳಕ ಬರಬೇಕಂದ್ರೂ ತಾಸಿನ ಮ್ಯಾಲ ಹಿಡಿತದ.”

ಅವಳು ಪರದೆಯನ್ನೇ ನೋಡುತ್ತಿದ್ದಳು. “ಅಷ್ಟು ದೂರ ಇದ್ದಾಂವ, ಬೋನಾಳದಾಗ ನನ್ನ ಮನಿ ಹ್ಯಾಂಗ ಹುಡುಕ್ಯಾನು?”

ನಾನು ವೈರು ಸರಿಪಡಿಸುವ ನೆವ ಮಾಡಿ ಕತ್ತಲಲ್ಲಿ ಕಣ್ಣೊರೆಸಿಕೊಂಡೆ.

ಇಷ್ಟರಿಂದ ಎಲ್ಲ ಬದಲಾಯಿತೆಂದು ನೀವು ತಿಳಿಯಬೇಡಿ. ಅಕ್ಕ ದುರ್ಬೀನಿನಲ್ಲಿ ಈವರೆಗೂ ಕಣ್ಣಿಟ್ಟಿಲ್ಲ, ಶನಿವಾರದ ಎಣ್ಣೆಯನ್ನೂ ಬಿಟ್ಟಿಲ್ಲ. ವರ್ಷಗಳು ಕಳೆದು ಈಗ ನನ್ನ ಮಗಳೇ ಬಾಣಂತನಕ್ಕೆ ಬಂದಿದ್ದಾಳೆ. ಇವತ್ತು ಬರೆಯಲು ಕೂರುವ ಮುಂಚೆ ಅವಳ ಕೋಣೆಗೆ ಇಣುಕಿದೆ. ಮಗಳು ನಿದ್ದೆಯಲ್ಲಿದ್ದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಎದೆಗೆ ಕೂಸನ್ನು ಒತ್ತಿಕೊಂಡು. ನಾನು ಹೊಸ್ತಿಲಲ್ಲೇ ನಿಂತೆ.

“ಮುಂಜಾನಿಂದ ಎತ್ಕೊಂಡೇನಿ,” ಎಂದಳು ಪಿಸುದನಿಯಲ್ಲಿ. “ಕೂಸಿಗಿ ಏನೂ ಆಗಿಲ್ಲ, ನೋಡು.”