ಚಿತ್ರಕಾರ ನಿಂತಿದ್ದ ಜಾಗ

ಮಾವಶಿಯ ಉಗುರುಗಳಲ್ಲಿ ಸದಾ ಕಪ್ಪು ಮಸಿ. ಎಷ್ಟು ತಿಕ್ಕಿದರೂ ಹೋಗದು. ಆ ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು. ಮಾವಶಿ ಎಂದರೆ ನನ್ನ ಗಂಡನ ಚಿಕ್ಕಮ್ಮ. ಲಂಡನ್ನಿನಲ್ಲಿ ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಅಲ್ಲಿನ ಕೌನ್ಸಿಲ್‌ನವರ ಸಂಜೆ ತರಗತಿಗೆ ಹೋಗಿ, ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವುದನ್ನು ಕಲಿತಿದ್ದರು. "ರೊಟ್ಟಿ ಕರ್ರಗಾದ್ರ ಹಂಚಿಗೆ ಅನ್ರಿ, ನನಗಲ್ಲ" ಎಂದು ಊಟಕ್ಕೆ ಬಂದ ಡಾಕ್ಟರುಗಳ ಬಾಯಿ ಮುಚ್ಚಿಸುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿಸಿದವನು ಹತ್ತೊಂಬತ್ತನೆಯ ಶತಮಾನದ ಒಬ್ಬ ಇಂಗ್ಲಿಷ್ ಚಿತ್ರಕಾರ. ಲಂಡನ್ನಿನ ಬೀದಿ, ಸೇತುವೆ, ಹೊಳೆದಂಡೆಗಳನ್ನೇ ಬದುಕಿಡೀ ಬರೆದು ಅಚ್ಚು ಹಾಕಿದವನು. ಮಾವಶಿ ಅವನನ್ನು "ನಮ್ಮಾಂವ" ಎನ್ನುತ್ತಿದ್ದರು, ಧಾರವಾಡದ ಕಡೆಯ ಬೀಗನೇನೋ ಎಂಬಂತೆ.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಲಂಡನ್ನಿನ ಎಜ್‌ವೇರ್‌ಗೆ ಬಂದ ನಾನು ಫ್ಲಾಟ್ ಬಿಟ್ಟು ಒಬ್ಬಳೇ ಹೊರಗೆ ಕಾಲಿಡುತ್ತಿರಲಿಲ್ಲ. ಗಂಡನಿಗೆ ಹಗಲೂ ರಾತ್ರಿ ಆಸ್ಪತ್ರೆಯ ಡ್ಯೂಟಿ. ಒಂದು ದಿನ ಮಾವಶಿಯ ಎದುರು ಅತ್ತೇಬಿಟ್ಟೆ. "ನನಗ ಈ ಊರು ಬ್ಯಾಡ. ಧಾರವಾಡಕ್ಕ ಹೋಗಿಬಿಡ್ತೀನಿ."

ಮರುದಿನ ಅವರು ಗ್ರೀನ್‌ಫರ್ಡ್‌ನ ತಮ್ಮ ಮನೆಯಿಂದ ಆತನ ಒಂದು ಚಿತ್ರ ತಂದು, ನಮ್ಮ ಬಾಗಿಲ ಬಳಿ ಕನ್ನಡಿಯ ಎದುರಿನ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದರು. ಒಂದು ಸೇತುವೆ, ಅದರ ಎಡಕ್ಕೆ ಚರ್ಚಿನ ಗೋಪುರ, ನಾಲ್ಕಾರು ದೋಣಿ. "ನಮ್ಮಾಂವ ಎಲ್ಲೆ ನಿಂತು ಬರದಾನ, ಹುಡುಕೂಣು. ಅಲ್ಲೆ ನಿಂತು ನೋಡಿದಮ್ಯಾಲೆ ಬೇಕಾದ್ರ ಹೋಗು."

ಶನಿವಾರ ಬಂತೆಂದರೆ ಇಬ್ಬರೂ ಟ್ಯೂಬ್ ರೈಲು ಹತ್ತಿ ಹೊಳೆದಂಡೆಗೆ ಹೋಗುತ್ತಿದ್ದೆವು. ಸೇತುವೆ ಸಿಕ್ಕಿತು, ಗೋಪುರವೂ ಸಿಕ್ಕಿತು. ಆದರೆ ಗೋಪುರ ಬಲಕ್ಕೇ ಕಾಣುತ್ತಿತ್ತು. ಎಡಕ್ಕೆ ಬರುವಂತೆ ನಿಲ್ಲಲು ಎಲ್ಲೂ ಜಾಗವಿಲ್ಲ. ನಾನು ಹಟಕ್ಕೆ ಬಿದ್ದೆ. ಮಾವಶಿ ಬೆಂಚಿನ ಮೇಲೆ ಕೂತು ಚುರುಮುರಿ ತಿನ್ನುತ್ತಾ, "ನಮ್ಮಾಂವ ಸುಳ್ಳು ಬರಿಯಾಂವಲ್ಲ" ಎನ್ನುತ್ತಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ, ಬೆನ್ನ ಹಿಂದಿನ ಚಿತ್ರ ಕನ್ನಡಿಯಲ್ಲಿ ಕಂಡಿತು. ಗೋಪುರ ಬಲಕ್ಕಿತ್ತು. ಮಾವಶಿ ಚುರುಮುರಿ ತಿನ್ನುತ್ತಿದ್ದ ಬೆಂಚಿನಿಂದ ಹೀಗೇ ಕಾಣುತ್ತಿತ್ತು; ಅದೇ ಆ ಜಾಗ. ಕೋಟು ಹಾಕಿಕೊಂಡು ಓಡಿದೆ. ಜೊತೆಗೆ ಯಾರೂ ಇಲ್ಲವೆಂಬುದು ಟ್ಯೂಬಿನಲ್ಲಿ ಕೂತ ಮೇಲೆ ಅರಿವಿಗೆ ಬಂತು.

ಬೆಂಚಿನ ಹತ್ತಿರದ ಫೋನ್ ಬೂತಿನಿಂದ ಮಾವಶಿಗೆ ಹೇಳಿದೆ.

"ತಗಡಿನ ಮ್ಯಾಲ ಕೊರದದ್ದು ಕಾಗದದ ಮ್ಯಾಲ ಎಡಾ-ಬಲಾ ಆಗಿ ಬರ್ತದವಾ. ಅಂವಾ ಕಂಡಂಗ ಕೊರದಾನ."

"ಗೊತ್ತಿದ್ದೂ ನನ್ನ ಇಷ್ಟು ತಿರುಗಾಡಿಸಿದ್ರಿ?"

"ಮತ್ತ ಕನ್ನಡಿ ಎದುರಿಗೆ ಯಾಕ ಹಾಕಿದ್ದೆ?" ಮಾವಶಿ ನಕ್ಕರು. "ಧಾರವಾಡಕ್ಕ ಯಾವಾಗ ಹೊಂಟಿ?"

ನಾನು ಹೋಗಲಿಲ್ಲ. ಕೆಲವು ವರ್ಷಗಳಾದ ಮೇಲೆ ಮಾವಶಿಯೇ ಹೋಗಿಬಿಟ್ಟರು. ಅವರು ತೀರಿಕೊಂಡ ವರ್ಷವೇ, ಲಂಡನ್ನಿನ ಫೆಲ್ಥಮ್‌ಗೆ ಹೊಸದಾಗಿ ಬಂದ ವಿಜಯಪುರದ ಹುಡುಗಿಯೊಬ್ಬಳು ನಮ್ಮಲ್ಲಿ ಊಟಕ್ಕೆ ಕೂತು, "ಇಲ್ಲೆ ಮನಸಽ ನಿಲ್ಲವಲ್ದು ಅಕ್ಕಾ" ಎಂದು ಕಣ್ಣೊರೆಸಿಕೊಂಡಳು. ನಾನು ಎದ್ದು ಹೋಗಿ ಗೋಡೆಯ ಚಿತ್ರವನ್ನು ತೆಗೆದು ತಂದೆ.

"ನಿಮ್ಮ ಮನ್ಯಾಗ ಕನ್ನಡಿ ಎಲ್ಲೆದವಾ?" ಎಂದು ಕೇಳಿದೆ.